ಧೂಮಪಾನಿಗಳ ಕಾಲಿನ ರಕ್ತನಾಳ: ಏನನ್ನು ಗಮನಿಸಬೇಕು, ಏನು ಮಾಡಬೇಕು

ನಡೆಯುವಾಗ ಮೀನಖಂಡ ಹಿಡಿದುಕೊಂಡು, ಸ್ವಲ್ಪ ಹೊತ್ತು ನಿಂತರೆ ನೋವು ಇಳಿದು, ಮತ್ತೆ ಅಷ್ಟೇ ದೂರ ನಡೆದಾಗ ಮರುಕಳಿಸುತ್ತಿದ್ದರೆ, ಬೀಡಿ ಅಥವಾ ಸಿಗರೇಟು ಸೇದುವವರು ಅದನ್ನು ವಯಸ್ಸಿನ ನೋವೆಂದು ಎಣ್ಣೆ ತಿಕ್ಕಿ ಸುಮ್ಮನಾಗಬಾರದು. ಕಾಲಿಗೆ ರಕ್ತ ಒಯ್ಯುವ ಅಪಧಮನಿ ಕಿರಿದಾದಾಗ ಕಾಣಿಸಿಕೊಳ್ಳುವ ನೋವಿನ ರೀತಿಯೇ ಇದು.

ಹೊಗೆಯಲ್ಲಿರುವ, ಜೀವಕೋಶಗಳಿಗೆ ಹಾನಿ ಮಾಡುವ ಅಸ್ಥಿರ ಅಣುಗಳಾದ ಫ್ರೀ ರ್‍ಯಾಡಿಕಲ್‌ಗಳನ್ನು ದೇಹ ತಟಸ್ಥಗೊಳಿಸಲಾರದ ಸ್ಥಿತಿಯನ್ನು ಉತ್ಕರ್ಷಣ ಒತ್ತಡ ಎನ್ನುತ್ತಾರೆ. ನಾಳವನ್ನು ಸಡಿಲಗೊಳಿಸುವ ನೈಟ್ರಿಕ್ ಆಕ್ಸೈಡನ್ನು ಸೂಪರಾಕ್ಸೈಡ್ ಎಂಬ ಅಂಥದೊಂದು ಅಣು ಕಬಳಿಸಿದಾಗ ನಾಳದ ಒಳಪದರ ಅಂಟಂಟಾಗುತ್ತದೆ; ಅಲ್ಲಿಗೆ ಅಂಟಿಕೊಂಡ ಬಿಳಿ ರಕ್ತಕಣಗಳು ಒಳನುಸುಳಿ, ಉತ್ಕರ್ಷಣಗೊಂಡ ಎಲ್‌ಡಿಎಲ್ ಎಂಬ ಕೆಟ್ಟ ಕೊಬ್ಬನ್ನು ನುಂಗಿ ಉರಿಯೂತವನ್ನು ಕೆರಳಿಸುತ್ತವೆ. ಆ ಕಣಗಳೇ ಇನ್ನಷ್ಟು ರ್‍ಯಾಡಿಕಲ್‌ಗಳನ್ನು ಹೊರಹಾಕುವುದರಿಂದ ಉತ್ಕರ್ಷಣ ಒತ್ತಡ ಮತ್ತು ಉರಿಯೂತ ಒಂದನ್ನೊಂದು ಬೆಳೆಸುತ್ತಲೇ ಹೋಗಿ ನಾಳ ಕಿರಿದಾಗುತ್ತದೆ.

ಹಾಗಾದರೆ ಈ ರ್‍ಯಾಡಿಕಲ್‌ಗಳನ್ನು ತಟಸ್ಥಗೊಳಿಸುವ ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರಾಯಿತಲ್ಲ ಎಂಬ ಆಲೋಚನೆ ಸಹಜವಾದರೂ ಅಪಾಯಕಾರಿ. ಫಿನ್ಲೆಂಡಿನಲ್ಲಿ 29,133 ಪುರುಷ ಧೂಮಪಾನಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೀಟಾ ಕ್ಯಾರೊಟಿನ್ ಎಂಬ ಅಂಥ ಮಾತ್ರೆ ಸೇವಿಸಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇ. 18ರಷ್ಟು ಹೆಚ್ಚಾಯಿತು. ಹಣ್ಣು, ತರಕಾರಿ ಧಾರಾಳವಾಗಿ ತಿನ್ನಿ. ಮಾತ್ರೆಯ ಹಣ ಉಳಿಸಿ.

ಮಾಡಬೇಕಾದ ಮೊದಲ ಕೆಲಸ ಹೊಗೆಯನ್ನು ಪೂರ್ತಿ ನಿಲ್ಲಿಸುವುದು. ದಿನಕ್ಕೆ ಒಂದೆರಡಕ್ಕೆ ಇಳಿಸಿದರೆ ಸಾಕೆಂಬ ಲೆಕ್ಕ ರಕ್ತನಾಳದ ವಿಷಯದಲ್ಲಿ ಸರಿಬರುವುದಿಲ್ಲ, ಏಕೆಂದರೆ ಅಷ್ಟು ಅಲ್ಪ ಹೊಗೆಯೂ ಒಳಪದರಕ್ಕೆ ಗಣನೀಯ ಹಾನಿ ಮಾಡುತ್ತದೆ. ಬಿಡುವ ದಿನವನ್ನು ನಿಗದಿಪಡಿಸಿ, ಮನೆಯವರಿಗೆ ತಿಳಿಸಿ, 1800-11-2356 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿಗೆ ಕರೆ ಮಾಡಿ. ಸೇದುವ ಹಂಬಲ ತಗ್ಗಿಸುವ ನಿಕೋಟಿನ್ ಗಮ್ ಬಳಸುವವರು ಅದನ್ನು ಒಂದೇ ಸಮನೆ ಜಗಿಯದೆ, ಬಾಯಿ ಚುರುಗುಟ್ಟಿದೊಡನೆ ಕೆನ್ನೆಯ ಒಳಬದಿಗೆ ಒತ್ತರಿಸಿಡಬೇಕು. ಆದರೆ ಐವತ್ತರೊಳಗಿನ ವಯಸ್ಸಿನಲ್ಲೇ ಬೆರಳ ತುದಿ ಹುಣ್ಣಾಗುವ ಬರ್ಗರ್ ಕಾಯಿಲೆಯ ಅನುಮಾನವಿದ್ದರೆ, ವೈದ್ಯರನ್ನು ಕೇಳದೆ ಗಮ್ ಬೇಡ. ಅಂಥವರು ಗುಟ್ಕಾ, ಕಡ್ಡಿಪುಡಿಯನ್ನೂ ಬಿಡಲೇಬೇಕು.

ಎರಡನೆಯದು ತಪಾಸಣೆ. ಕಣಕಾಲಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸುವ ನೋವಿಲ್ಲದ ಪರೀಕ್ಷೆಯಲ್ಲಿ ಅನುಪಾತ 0.90 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಸಕ್ಕರೆ ಕಾಯಿಲೆ ಇರುವವರಲ್ಲಿ ನಾಳ ಗಟ್ಟಿಯಾಗಿ ಅಂಕಿ ಸುಳ್ಳೇ ಹೆಚ್ಚು ತೋರಿಸಬಹುದಾದ್ದರಿಂದ ಧ್ವನಿತರಂಗಗಳಿಂದ ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆಯ ಬಗ್ಗೆಯೂ ಕೇಳಿ. ಹುಣ್ಣಿಲ್ಲದಿದ್ದರೆ, ವೈದ್ಯರ ಒಪ್ಪಿಗೆ ಪಡೆದು, ನೋವು ಬರುವವರೆಗೆ ನಡೆದು, ನಿಂತು ಸುಧಾರಿಸಿಕೊಂಡು ಮತ್ತೆ ನಡೆಯುವ ಅಭ್ಯಾಸವನ್ನು ವಾರಕ್ಕೆ ಮೂರು ದಿನವಾದರೂ ಮುಂದುವರಿಸಬೇಕು.

ತಣ್ಣಗಾದ ಪಾದಕ್ಕೆ ಕೆಂಡದ ಕಾವಾಗಲಿ ಬಿಸಿನೀರಿನ ಚೀಲವಾಗಲಿ ಬೇಡ. ಸ್ಪರ್ಶ ಮಂಕಾಗಿರುವಲ್ಲಿ ಸುಟ್ಟರೂ ತಿಳಿಯದು, ಆ ಗಾಯ ಮಾಯದು. ಮಲಗಿದಾಗಲೂ ಪಾದ ನೋಯುತ್ತಿದ್ದರೆ ಅಥವಾ ಬೆರಳು ಕಪ್ಪಾಗುತ್ತಿದ್ದರೆ ರಕ್ತನಾಳ ತಜ್ಞರನ್ನು ತಡಮಾಡದೆ ಕಾಣಿರಿ. ಕಾಲು ಇದ್ದಕ್ಕಿದ್ದಂತೆ ಬಿಳಿಚಿ, ತಣ್ಣಗಾಗಿ, ಜೋಮು ಹಿಡಿದರೆ ಬೆಳಗಾಗಲೆಂದು ಕಾಯದೆ ಆಗಲೇ ದೊಡ್ಡ ಆಸ್ಪತ್ರೆಗೆ ಹೋಗಬೇಕು.