ಮದುಮಗನ ಉಡುಪನ್ನು ಆರಿಸುವ ಬಗೆ

ಹುಬ್ಬಳ್ಳಿ-ಧಾರವಾಡದ ಕಡೆ ಮದುವೆಗಳು ಹೆಚ್ಚಾಗಿ ಬಿರುಬೇಸಿಗೆಯಲ್ಲಿಯೇ ನಡೆಯುವುದರಿಂದ, ಮದುಮಗನ ಬಟ್ಟೆಯನ್ನು ಕೊಳ್ಳುವ ಮೊದಲು ಬಣ್ಣಕ್ಕಿಂತ ಸೆಕೆಯ ಬಗ್ಗೆ ಯೋಚಿಸಬೇಕು. ಏಪ್ರಿಲ್, ಮೇ ತಿಂಗಳ ಮುಹೂರ್ತಕ್ಕೆ ದಪ್ಪ ಶೇರವಾನಿಯನ್ನು ಆರಿಸಿದವರು ಅಕ್ಷತೆ ಬೀಳುವಷ್ಟರಲ್ಲಿ ಬೆವರಿನಿಂದ ತೊಯ್ದಿರುತ್ತಾರೆ.

ಮಾಂಗಲ್ಯಧಾರಣೆಯ ಹೊತ್ತಿಗೆ ಧೋತರ, ನೆಹರೂ ಶರ್ಟ್, ಶಲ್ಯ ಮತ್ತು ರುಮಾಲು ಇವೇ ಒಪ್ಪುವ ಉಡುಪು ಎಂಬುದು ನನ್ನ ಅಭಿಪ್ರಾಯ. ಕಚ್ಚೆ ಹಾಕಿ ಉಡುವುದಾದರೆ ಧೋತರವು ಸುಮಾರು 4 ಮೀಟರ್ ಉದ್ದವಿರಬೇಕು. ರೂಢಿಯಿಲ್ಲದವರು ಉಡಿಸಲು ಬಲ್ಲ ಹಿರಿಯರೊಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು, ಹೊಸ ಬಟ್ಟೆಯ ಗಂಜಿ ಹೋಗುವಂತೆ ಒಮ್ಮೆ ತೊಳೆದು, ಮನೆಯಲ್ಲಿ ಉಟ್ಟು ಕುಳಿತು ಏಳುವುದನ್ನು ಅಭ್ಯಾಸ ಮಾಡುವುದು ಒಳಿತು. ಖಾದಿ ಇಷ್ಟಪಡುವವರಿಗೆ ದೂರ ಹುಡುಕುವ ಅಗತ್ಯವಿಲ್ಲ: ರಾಷ್ಟ್ರಧ್ವಜ ತಯಾರಾಗುವ ಬೆಂಗೇರಿ ಹುಬ್ಬಳ್ಳಿಯಲ್ಲಿಯೇ ಇದೆ, ಖಾದಿಗೆ ಹೆಸರಾದ ಗರಗ ಧಾರವಾಡದ ಸಮೀಪದಲ್ಲಿದೆ.

ರುಮಾಲನ್ನು ಬಾಸಿಂಗದೊಡನೆ ಇಟ್ಟು ನೋಡಿಯೇ ಆರಿಸಬೇಕು, ಏಕೆಂದರೆ ಜಾರುವ ರೇಷ್ಮೆಯ ಮೇಲೆ ಬಾಸಿಂಗದ ದಾರ ನಿಲ್ಲುವುದಿಲ್ಲ. ಅರಿಶಿನದ ಶಾಸ್ತ್ರ ಮತ್ತು ಸುರಗಿಗೆ (ಮದುಮಕ್ಕಳಿಗೆ ನೀರೆರೆಯುವ ಶಾಸ್ತ್ರ) ಕಲೆಯಾದರೂ ಚಿಂತೆಯಿಲ್ಲದ ಹತ್ತಿಯ ಬಟ್ಟೆಯನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಆರತಕ್ಷತೆಗೆ ಸೂಟು ಹೊಲಿಸುವವರು ದರ್ಜಿಗೆ ಕನಿಷ್ಠ ಒಂದು ತಿಂಗಳ ಮೊದಲೇ ಅಳತೆ ಕೊಡಲಿ. ಲಗ್ನಸರಾಯಿಯಲ್ಲಿ, ಅಂದರೆ ಮದುವೆಗಳ ಹಂಗಾಮಿನಲ್ಲಿ, ದರ್ಜಿಗಳ ಮಾತನ್ನು ಪೂರ್ತಿ ನಂಬಲಾಗದು. ಮಂಟಪದಲ್ಲಿ ಪಾದರಕ್ಷೆಗೆ ಕೆಲಸವಿಲ್ಲವಾದ್ದರಿಂದ ಸುಲಭವಾಗಿ ಬಿಚ್ಚಬಹುದಾದ ಚಪ್ಪಲಿಯೇ ಸಾಕು.