ಡಿಗ್ರಿ ಮುಗಿಸಿ ದೋಟಿ ಹಿಡಿದೆ: ಎರಡು ಸೀಸನ್ನಿನ ಲೆಕ್ಕ

"ಬಿ.ಕಾಂ. ಓದಿ ಅಡಿಕೆ ಕೊನೆ ಕೊಯ್ಯೋದಾ?" ಅಂತ ಕೇಳಿದವರಲ್ಲಿ ಇಬ್ಬರು ಈ ಸಲ ಎರಡನೇ ಕೊಯ್ಲಿಗೆ ನನಗೇ ಫೋನ್ ಮಾಡಿದರು. ಅದಕ್ಕೇ ಈಗ ಬರೆಯುತ್ತಿದ್ದೇನೆ. ಹೋದ ವರ್ಷ ಬರೆದಿದ್ದರೆ ಬರೀ ಗೋಳು ಇರುತ್ತಿತ್ತು. ದೋಟಿ ಅಂದ್ರೆ ನೆಲದಲ್ಲೇ ನಿಂತು ಅಡಿಕೆಯ ಕೊನೆ, ಅಂದರೆ ಗೊನೆ, ಕೊಯ್ಯುವ ಉದ್ದನೆಯ ಕೋಲು.

ಡಿಗ್ರಿ ಮುಗಿದಿದ್ದು 2023ರಲ್ಲಿ, ಸಾಗರದಲ್ಲಿ. ಕ್ಲಾಸಿನ ಅರ್ಧ ಜನ ಬೆಂಗಳೂರು ಬಸ್ಸು ಹತ್ತಿದರು. ನಾಲ್ಕೈದು ಮಂದಿ ವಿಜಯನಗರದಲ್ಲಿ ರೂಮು ಮಾಡಿ ಕೋಚಿಂಗ್ ಸೇರಿದರು. ನಾನು ಊರಲ್ಲೇ ಉಳಿದೆ. ಅಪ್ಪನಿಗೆ ಮಂಡಿ ನೋವು, ಒಂದೂಕಾಲು ಎಕರೆ ತೋಟ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಕೆಲಸವಿಲ್ಲದ ಪದವೀಧರರಿಗೆ ಸರ್ಕಾರ ಕೊಡುವ ಯುವನಿಧಿ ಶುರುವಾಯಿತಲ್ಲ, ಅದರ ತಿಂಗಳ 3000 ರೂಪಾಯಿ ನಾಲ್ಕೈದು ತಿಂಗಳು ಬಂತು. ದುಡಿಮೆ ಶುರುವಾದ ಮೇಲೆ ಕೆಲಸವಿಲ್ಲ ಅಂತ ತಿಂಗಳ ಘೋಷಣೆ ಕೊಡುವುದನ್ನು ನಿಲ್ಲಿಸಿದೆ.

ನಿಜ ಹೇಳಬೇಕಂದ್ರೆ ನನಗೆ ಎತ್ತರ ಅಂದ್ರೆ ಭಯ. ಮರ ಹತ್ತೋಕೆ ಬರುವುದಿಲ್ಲ. ವಿಟ್ಲದ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐನಲ್ಲಿ ಹುಡುಗರಿಗೆ ಮರ ಹತ್ತುವ ತರಬೇತಿ ಕೊಟ್ಟಿದ್ದು ಗೊತ್ತಿತ್ತು. ಬಂಟ್ವಾಳ ಕಡೆಯ ಗಣಪತಿ ಭಟ್ಟರ ಮರ ಹತ್ತುವ ಬೈಕಿನ ವಿಡಿಯೋ 2019ರಲ್ಲೇ ನೋಡಿದ್ದೆ. ಎರಡೂ ನನ್ನಂಥವನಿಗಲ್ಲ. ಉಳಿದಿದ್ದು ದೋಟಿ.

60 ಅಡಿಯ ಕಾರ್ಬನ್ ಫೈಬರ್ ದೋಟಿ, ಕೊಕ್ಕೆ, ಔಷಧಿ ಹೊಡೆಯುವ ನಾಜಲ್ ಎಲ್ಲಾ ಸೇರಿ 70 ಸಾವಿರದ ಹತ್ತಿರ ಆಯಿತು. ಅಮ್ಮನ ಸಂಘದ ಸಾಲ 40, ಉಳಿದಿದ್ದು ಅಪ್ಪನದು. ಸಬ್ಸಿಡಿಗೆ ಅರ್ಜಿ ಹಾಕಿ ಕಾಯುವಷ್ಟು ತಾಳ್ಮೆ ಇರಲಿಲ್ಲ. ಅದು ತಪ್ಪು. ನೀವು ಕಾಯಿರಿ.

ಮೊದಲ ಮಳೆಗಾಲ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಔಷಧಿಯಲ್ಲೇ ಎಡವಿದೆ. ಮೈಲುತುತ್ತ, ಸುಣ್ಣದ ಅಳತೆ ಎಲ್ಲರಿಗೂ ಗೊತ್ತಿರುವುದೇ. ಆದರೆ ಒಂದು ತೋಟದ ಮಾಲೀಕರ ಕೊಟ್ಟಿಗೆಯಲ್ಲಿ ಹಿಂದಿನ ವರ್ಷದ ಸುಣ್ಣದ ಚೀಲ ಇತ್ತು. "ಇದನ್ನೇ ಹಾಕು ಮಾರಾಯಾ" ಅಂದರು, ಹಾಕಿದೆ. ಸುಣ್ಣ ಸತ್ತುಹೋಗಿತ್ತು, ಅಂದರೆ ಸತ್ವವೇ ಇರಲಿಲ್ಲ. ಚಾಕು ಅದ್ದಿ ನೋಡಲಿಲ್ಲ, ಅಷ್ಟು ಅವಸರ. ಎರಡು ಡ್ರಮ್ ಹೊಡೆದ ಮೇಲೆ ನೋಡಿದರೆ ಚಾಕು ತಾಮ್ರದ ಬಣ್ಣಕ್ಕೆ ತಿರುಗಿತ್ತು, ಅಂದರೆ ಸುಣ್ಣ ಸಾಲದೆ ತಾಮ್ರ ಹಾಗೇ ಉಳಿದಿತ್ತು. ಎಳೆ ಕಾಯಿ ಸುಟ್ಟಿತು, ಉದುರಿತು. ಆ ತೋಟದ ಕೂಲಿ ಪೂರ್ತಿ ಬಿಟ್ಟೆ, ಸುಮಾರು 4 ಸಾವಿರ. ಈಗ ಸುಣ್ಣ ನಾನೇ ತರುತ್ತೇನೆ, ಲಿಟ್ಮಸ್ ಪೇಪರ್ ಜೇಬಲ್ಲೇ ಇರುತ್ತದೆ.

ಅದೇ ವರ್ಷದ ಕೊಯ್ಲು ಇನ್ನೂ ಕಷ್ಟದ್ದು. ಕರಾವಳಿಯಲ್ಲಿ ಹಣ್ಣಡಿಕೆ, ಉದುರಿದರೂ ಹೆಕ್ಕಬಹುದು. ನಮ್ಮಲ್ಲಿ ಹಸಿ ಅಡಿಕೆ. ಕೊನೆ ನೆಲಕ್ಕೆ ಬಿದ್ದರೆ ಅರ್ಧ ಅಡಿಕೆ ಕಾದಿಗೆಗೆ (ನೀರು ಬಸಿಯುವ ಕಾಲುವೆಗೆ), ಇನ್ನರ್ಧ ದರಕಿನ (ತರಗೆಲೆಯ) ಅಡಿಗೆ. ಮರ ಹತ್ತಿ ಕೊಯ್ಯುವ ಕೊನೆಗೌಡರು ಮೇಲಿಂದ ಹಗ್ಗದಲ್ಲಿ ಇಳಿಸುತ್ತಿದ್ದರೆ ಒಂದು ಕಾಯಿ ಉದುರುತ್ತಿರಲಿಲ್ಲ. ನನ್ನ ಹಿಂದೆ ಹೆಕ್ಕುವುದಕ್ಕೇ ಇಬ್ಬರು ಹೆಂಗಸರು ಬೇಕಾಯಿತು, ಅವರ ಕೂಲಿ ನನ್ನ ಲೆಕ್ಕದಿಂದ ಕಳೆದರು. ದಿನಕ್ಕೆ 200 ಕೊನೆ ಮುಟ್ಟುವುದೂ ಕಷ್ಟ. ಸಂಜೆ ಕುತ್ತಿಗೆ ತಿರುಗುತ್ತಿರಲಿಲ್ಲ. ನಡುವೆ ಅಕ್ಟೋಬರ್‌ನಲ್ಲಿ ಗ್ರಾಮ ಆಡಳಿತಾಧಿಕಾರಿ ಪರೀಕ್ಷೆ ಬೇರೆ. ಇದ್ದದ್ದು 1000 ಹುದ್ದೆ, ನಾನು ಓದಿದ್ದು ಬಸ್ಸಿನಲ್ಲಿ. ಆ ಕಥೆ ಬೇಡ. ಸೀಸನ್ ಮುಗಿದಾಗ ಖರ್ಚು ಕಳೆದು ಕೈಯಲ್ಲಿ ಉಳಿದಿದ್ದು 35 ಸಾವಿರ ಇರಬಹುದು. ದೋಟಿ ಮಾರಲು ಫೋಟೋ ಕೂಡ ತೆಗೆದಿದ್ದೆ.

ಬದಲಾಗಿದ್ದು ಬಲೆಯಿಂದ. ಬೀಳುವ ಕೊನೆಗೆ ಕೆಳಗೆ ಬಲೆ ಹಿಡಿಯುವುದು ಹೊಸದೇನಲ್ಲ, ಎಲ್ಲರೂ ಹಿಡಿಯುತ್ತಾರೆ. ನಾನು ಮಾಡಿದ್ದು ಎರಡು ಕೆಲಸ. ಒಂದು, ದಿನಗೂಲಿ ಬಿಟ್ಟು ಕೊನೆಗಿಷ್ಟು ಅಂತ ರೇಟು ಮಾಡಿದೆ, ನಮ್ಮ ಕಡೆ ಹತ್ತು ರೂಪಾಯಿ ಆಸುಪಾಸು. ಎರಡು, ಬಲೆ ಹಿಡಿಯಲು ಕೈಗೆ ಸಿಕ್ಕಿದವರನ್ನು ಕರೆಯುವುದನ್ನು ಬಿಟ್ಟು ಅದೇ ಇಬ್ಬರನ್ನು ಇಡೀ ಸೀಸನ್ ಇಟ್ಟುಕೊಂಡೆ. ಒಬ್ಬ ನನ್ನ ಗೆಳೆಯ, ಬಿ.ಎ. ಓದಿದವನು. ಇನ್ನೊಬ್ಬ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದವನು. ತಲಾ ಸಾವಿರ, ಉದುರದೆ ಕೆಲಸ ಮುಗಿದ ದಿನ ಮೇಲೆ ನೂರು. ಕೊಕ್ಕೆ ತಾಗುವ ಮುಂಚೆಯೇ ಕೊನೆ ಯಾವ ಕಡೆ ಬರುತ್ತದೆ ಅಂತ ಅವರಿಗೆ ಗೊತ್ತಾಗುವ ಹಾಗೆ ನಾವು ಒಂದು ಪದ್ಧತಿ ಮಾಡಿಕೊಂಡಿದ್ದೇವೆ. ಅದನ್ನು ಇಲ್ಲಿ ಬರೆಯಲಾರೆ, ಪಕ್ಕದ ಊರಲ್ಲೇ ಮೂರು ದೋಟಿ ಬಂದಿವೆ! ಕೊಕ್ಕೆಯ ಕೋನವನ್ನು ಸ್ವಲ್ಪ ಬಗ್ಗಿಸಿಕೊಂಡಿದ್ದೇನೆ ಅಂತ ಮಾತ್ರ ಹೇಳಬಲ್ಲೆ.

ಈಗ ದಿನಕ್ಕೆ 450ರಿಂದ 500 ಕೊನೆ. ಒಂದು ದಿನ 600 ದಾಟಿತ್ತು, ಕೊನೆಗೌಡರೊಬ್ಬರು ನಿಂತು ನೋಡಿ ಎಲೆ ಅಡಿಕೆ ಕೊಟ್ಟರು. ಆ ಎಲೆ ಅಡಿಕೆಗೆ ನನ್ನ ಡಿಗ್ರಿ ಸರ್ಟಿಫಿಕೇಟಿಗಿಂತ ಜಾಸ್ತಿ ಬೆಲೆ ಕಟ್ಟಿದ್ದೇನೆ.

ಕರೆಂಟಿನ ವಿಷಯ ಮಾತ್ರ ಬಚ್ಚಿಡುವುದಿಲ್ಲ. ಕಾರ್ಬನ್‌ನಲ್ಲಿ ಕರೆಂಟು ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಗೆ ಮಾತ್ರ ಭಯ ಅಂತ ಇನ್ನೂ ನಂಬಿರುವವರಿದ್ದಾರೆ. ತೋಟಕ್ಕೆ ಹೋದ ಕೂಡಲೇ ಮೊದಲು ಒಂದು ಸುತ್ತು, ಲೈನ್ ಎಲ್ಲಿ ಹೋಗಿದೆ ನೋಡಲಿಕ್ಕೆ. ಲೈನ್ ಪಕ್ಕದ ಮರಗಳನ್ನು ಬಿಟ್ಟುಬಿಡುತ್ತೇನೆ, ಮಾಲೀಕರು ಮುಖ ಊದಿಸಿಕೊಂಡರೂ ಸರಿ.

ಸುಮ್ನೆ ಕೂರದೆ ಬೇರೆ ಪ್ರಯೋಗವೂ ಮಾಡಿದೆ. ದೋಟಿಯಲ್ಲಿ ಕಾಳುಮೆಣಸು ಕೀಳಲು ಹೋಗಿ ಬಳ್ಳಿಯೇ ಕಿತ್ತು ಬಂತು. ತೆಂಗಿನಕಾಯಿ ಎಳೆಯಲು ಹೋಗಿ ಮೇಲಿನ ಜಾಯಿಂಟ್ ಸೀಳಿತು, 6 ಸಾವಿರ ದಂಡ. ದೋಟಿ ಬಾಡಿಗೆಗೆ ಕೊಟ್ಟು ನೋಡಿದೆ, ವಾಪಸ್ ಬಂದಾಗ ಕ್ಲಿಪ್ಪೇ ಇರಲಿಲ್ಲ. ಕೈ ಹಿಡಿದಿದ್ದು ಬಿ.ಕಾಂ. ಒಂದೇ. ಕೊಯ್ಲಿಗೆ ಹೋದ ಮನೆಗಳಲ್ಲೇ ಆದಾಯ ತೆರಿಗೆ ರಿಟರ್ನ್ ತುಂಬಿಸಿಕೊಡಲು ಶುರು ಮಾಡಿದೆ, ತಲೆಗೆ 500. ಆದರೆ ಜುಲೈ 31ರ ಗಡುವು ಎರಡನೇ ಔಷಧಿಯ ಹೊತ್ತಿಗೇ ಬರುತ್ತದೆ. ಮಳೆ ಬಿಟ್ಟು ಹೊಳವಾದರೆ ತೋಟ, ಮಳೆ ಹಿಡಿದರೆ ಲ್ಯಾಪ್‌ಟಾಪ್. 2025ರಲ್ಲಿ ಗಡುವನ್ನು ಸೆಪ್ಟೆಂಬರ್ ಮಧ್ಯಕ್ಕೆ ಹಾಕಿದ್ದರಿಂದ ಬಚಾವಾದೆ. 40 ಮನೆ ಆಯಿತು.

ಎರಡನೇ ಸೀಸನ್ನಿನ ಲೆಕ್ಕ, ನೆನಪಿನಿಂದ: ಕೊಯ್ಲು 70 ದಿನ, ಹುಡುಗರ ಸಂಬಳ ಕೊಟ್ಟು ಒಂದು ಲಕ್ಷ 90 ಸಾವಿರ. ಔಷಧಿಯಿಂದ 55. ರಿಟರ್ನ್‌ದು 20. ಪೆಟ್ರೋಲು, ರಿಪೇರಿ, ಕುತ್ತಿಗೆಯ ಎಣ್ಣೆ ಎಲ್ಲಾ ಸೇರಿ 40 ಕಳೆಯಿರಿ. ಸಂಘದ ಸಾಲ ತೀರಿತು. ಬೆಂಗಳೂರಿನ ಗೆಳೆಯರಿಗೆ ನನಗಿಂತ ಜಾಸ್ತಿ ಬರಬಹುದು, ಪಿಜಿ ಬಾಡಿಗೆ ಕಳೆದರೆ ಅಷ್ಟೇನಿಲ್ಲ. ಫೆಬ್ರವರಿಯಿಂದ ಮೇ ತನಕ ಮಾತ್ರ ನನ್ನ ಕೈ ಖಾಲಿ. ಅದಕ್ಕೆ ಇನ್ನೂ ದಾರಿ ಸಿಕ್ಕಿಲ್ಲ.

ಮೊನ್ನೆ ಎರಡನೇ ದೋಟಿಗೆ ಅರ್ಜಿ ಹಾಕಿದೆ, ಈ ಸಲ ಸಬ್ಸಿಡಿಯಲ್ಲಿ. ಅದನ್ನು ಹಿಡಿಯುವವನು ಆ ಬಿ.ಎ. ಹುಡುಗ. ಅವನ ಮನೆಯಲ್ಲಿ ಇನ್ನೂ ಹೇಳಿಲ್ಲವಂತೆ.