ಹೆಸರು ಬದಲಿಸಿದ ಪತ್ರಿಕೆ, ಪುಡಿಯಾಗುವ ಹಾಳೆ: ನನ್ನ ಅನುಭವ

ನಮ್ಮ ಗ್ರಂಥಾಲಯದಲ್ಲಿ ಸ್ಥಳೀಯ ವಾರಪತ್ರಿಕೆಯೊಂದರ ಬೈಂಡುಗಳು ಕಪಾಟಿನಲ್ಲಿದ್ದರೂ ಕ್ಯಾಟಲಾಗ್‌ನಲ್ಲಿ ಅರ್ಧದಷ್ಟು ಸಿಗುತ್ತಿರಲಿಲ್ಲ. ಪತ್ರಿಕೆ ನಡುವೆ ಹೆಸರು ಬದಲಿಸಿತ್ತು, ದಾಖಲೆ ಮಾತ್ರ ಹಳೆಯ ಹೆಸರಿನಲ್ಲೇ ಉಳಿದಿತ್ತು. ಕನ್ನಡದಲ್ಲಿ ಇದು ಮೊದಲಿನಿಂದಲೂ ಇದ್ದದ್ದೇ: 1843ರ ‘ಮಂಗಳೂರ ಸಮಾಚಾರ’ ಮರುವರ್ಷ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು.

ಪ್ರತಿ ಹೆಸರಿಗೂ ಬೇರೆ ಮಾರ್ಕ್ (MARC, ಗ್ರಂಥಾಲಯ ಕ್ಯಾಟಲಾಗ್‌ನ ಕಂಪ್ಯೂಟರ್ ನಮೂನೆ) ದಾಖಲೆ ಮಾಡಿದೆ. ಅದರ ಪ್ರತಿ ಅಂಕಣಕ್ಕೂ ಒಂದು ಸಂಖ್ಯೆ ಇರುತ್ತದೆ. ಹಳೆಯದರ 785ರಲ್ಲಿ ಮುಂದಿನ ಹೆಸರು, ಹೊಸದರ 780ರಲ್ಲಿ ಹಿಂದಿನದು. 866ರಲ್ಲಿ ನಮ್ಮಲ್ಲಿರುವ ಸಂಚಿಕೆಗಳ ತಾರೀಖು. ಈಗ ಯಾವ ಹೆಸರಿನಿಂದ ಹುಡುಕಿದರೂ ಎರಡೂ ಸಿಗುತ್ತವೆ. ಬೈಂಡಿನ ಬೆನ್ನ ಮೇಲಿನ ವರ್ಷವನ್ನು ನಂಬಬೇಡಿ, ಮುಖಪುಟದ ಸಂಪುಟ, ಸಂಚಿಕೆ ಸಂಖ್ಯೆಗಳನ್ನೇ ನೋಡಿ. ಸಂವತ್ಸರ, ತಿಥಿ ಮಾತ್ರ ಅಚ್ಚಾಗಿದ್ದರೆ ಹಳೆಯ ಪಂಚಾಂಗ ಬೇಕು. ಅದೇ ಸಂವತ್ಸರ 60 ವರ್ಷಕ್ಕೆ ಮತ್ತೆ ಬರುತ್ತದೆ.

ಹರಿದ ಹಾಳೆಗೆ ದಯವಿಟ್ಟು ಸೆಲ್ಲೋಟೇಪ್ ಹಚ್ಚಬೇಡಿ. ಕೆಲವು ವರ್ಷಗಳಲ್ಲಿ ಪ್ಲಾಸ್ಟಿಕ್ ಉದುರುತ್ತದೆ, ಅಂಟು ಕಾಗದದೊಳಗೆ ಇಳಿದು ಕಂದು ಕಲೆಯಾಗುತ್ತದೆ, ಆಮೇಲೆ ತೆಗೆಯುವುದು ಬಲು ಕಷ್ಟ. ಬದಲಿಗೆ 5ರಿಂದ 10 ಜಿಎಸ್ಎಂನ (ಚದರ ಮೀಟರಿಗೆ ಅಷ್ಟು ಗ್ರಾಂ ತೂಗುವ) ಜಪಾನಿ ಟಿಶ್ಯೂ ಎಂಬ ತೆಳು ಕಾಗದದ ಪಟ್ಟಿ ಅಂಟಿಸಿ. ಪಟ್ಟಿಯನ್ನು ಕತ್ತರಿಸದೆ, ಒದ್ದೆ ಗೆರೆ ಎಳೆದು ಹರಿಯಿರಿ. ಅಂಚಿನ ಎಳೆಗಳೇ ಹಿಡಿತ. ಗೋಧಿ ಪಿಷ್ಟದ ಅಂಟು ಗಟ್ಟಿಯಾಗಿಯೇ ಇರಲಿ. ನೀರಾದರೆ ನ್ಯೂಸ್‌ಪ್ರಿಂಟ್‌ನಲ್ಲಿ ತೇವ ಹರಡಿ ಅಂಚಿಗೆ ಕಂದು ಗೆರೆ ಬೀಳುತ್ತದೆ. ಮೇಲೆ ಕೆಳಗೆ ಪಾಲಿಯೆಸ್ಟರ್ ಬಟ್ಟೆ, ಬ್ಲಾಟರ್ (ತೇವ ಹೀರುವ ಕಾಗದ) ಇಟ್ಟು ಭಾರ ಹೇರಿ ಒಣಗಿಸಿ.

ಮುಟ್ಟಿದರೆ ಪುಡಿಯಾಗುವಂಥವನ್ನು ರಿಪೇರಿಗೆ ಮುಂಚೆಯೇ ಓವರ್‌ಹೆಡ್ ಸ್ಕ್ಯಾನರಿನಲ್ಲಿ 400 ಡಿಪಿಐಗೆ (ಇಂಚಿಗೆ 400 ಚುಕ್ಕೆ) ಸ್ಕ್ಯಾನ್ ಮಾಡಿ ಟಿಫ್ ಚಿತ್ರ ಕಡತವಾಗಿ ಉಳಿಸಿ, ಆಮ್ಲರಹಿತ ಪೆಟ್ಟಿಗೆಯಲ್ಲಿ ಮಲಗಿಸಿ ಇಡಿ.